ಹಾಲಿನ ಲೆಕ್ಕದ ಪಕ್ಕ

ಹೋದ ವಾರ ಅಕ್ಕನ ಮೊಮ್ಮಗಳ ಮದುವೆಯಲ್ಲಿ ಬಿಳಿ ಪಂಚೆ ಉಟ್ಟು, ಪಂಕ್ತಿಯಲ್ಲಿ ಕೂತು ಉಂಡೆ. 11 ತಿಂಗಳ ಮೇಲೆ. ಅದಕ್ಕೇ ಈ ನಾಲ್ಕು ಮಾತು.

ಕ್ಯಾನ್ಸರ್ ಅಂತ ಪ್ರಾಸ್ಟೇಟ್ ಗ್ರಂಥಿ ತೆಗೆದಾಗ ಆಸ್ಪತ್ರೆಗೆ ಬಂದು ಕೂತವರು, ದಿನಾ ಫೋನ್ ಮಾಡಿದವರು ಬಹಳ ಜನ. ನಿಮಗೆಲ್ಲ ನಮಸ್ಕಾರ. ಆದರೆ ಮೂತ್ರದ ಪೈಪು ತೆಗೆದ ದಿನದಿಂದ ಶುರುವಾದ ಸಂಕಟವನ್ನು ನಿಮಗೆ ಯಾರಿಗೂ ಹೇಳಿರಲಿಲ್ಲ. ಕೆಮ್ಮಿದರೆ, ಸೀನಿದರೆ, ಕುರ್ಚಿಯಿಂದ ಎದ್ದರೆ ಮೂತ್ರ ತಾನಾಗಿ ಸೋರುತ್ತಿತ್ತು. ಹೀಗಾಗಬಹುದು ಅಂತ ಆಪರೇಷನ್ನಿಗೆ ಮೊದಲೇ ಬಿಡಿಸಿ ಹೇಳಬೇಕಿತ್ತು. ಆ ನೋವು ಇನ್ನೂ ಇದೆ.

ಬಿಡಿಸಿ ಹೇಳಿದ್ದು ಫಿಸಿಯೋಥೆರಪಿಯ ಹೆಣ್ಣುಮಗಳು. ನಾನು ತಲೆ ತಗ್ಗಿಸಿ ಕೂತಿದ್ದರೆ ಆಕೆ ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಮೂತ್ರ ತಡೆಯಲು ಉಂಗುರದಂಥ ಎರಡು ಸ್ನಾಯುಗಳಿವೆ, ಗ್ರಂಥಿ ತೆಗೆಯುವಾಗ ಮೇಲಿನದಕ್ಕೆ ಪೆಟ್ಟಾಗುತ್ತದೆ, ಇನ್ನು ಕೆಳಗಿನದೇ ಭಾರ ಹೊರಬೇಕು. "ಗಾಳಿ ಹೋಗದ ಹಾಗೆ ತಡೀತೀರಲ್ಲ ಸರ್, ಹಾಗೆ ಬಿಗಿ ಹಿಡೀರಿ. ಉಸಿರು ಕಟ್ಟಬೇಡಿ, ಹೊಟ್ಟೆ ಬಿಗಿ ಮಾಡಬೇಡಿ." 5 ಎಣಿಸುವವರೆಗೆ ಬಿಗಿ, ಅಷ್ಟೇ ಹೊತ್ತು ಸಡಿಲ. 10 ಸಲ, ದಿನಕ್ಕೆ 3 ಹೊತ್ತು. ಏಳುವ ಮುಂಚೆ, ಕೆಮ್ಮುವ ಮುಂಚೆಯೂ ಒಮ್ಮೆ ಬಿಗಿ. ಮೊದಲ ಆರು ವಾರ ಏನೂ ಗೊತ್ತಾಗಲಿಲ್ಲ, ಅತ್ತಿದ್ದೇನೆ. ವರ್ಷವಾದರೂ ನಿಲ್ಲದಿದ್ದರೆ ಮೂತ್ರನಾಳಕ್ಕೆ ಕೃತಕ ಪಟ್ಟಿ ಹಾಕುವ ಆಪರೇಷನ್ ಇದೆ ಅಂತ ಡಾಕ್ಟರು ಧೈರ್ಯ ಹೇಳಿದರು. ನನಗೆ ಅದರ ಅಗತ್ಯ ಬೀಳಲಿಲ್ಲ.

ನನ್ನ ಷಡ್ಡಕರಿಗೂ ಋಣಿ. ಒಂದು ಬೆಳಿಗ್ಗೆ ವಾಕಿಂಗಿನಲ್ಲಿ, "ನನಗೂ ರಾತ್ರಿ ಹಾಸಿಗೆ ಒದ್ದೆ ಆಗ್ತಿದೆಯಪ್ಪ" ಅಂದರು. ಗಂಡಸೊಬ್ಬ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವರದು ಬೇರೆ ಕಾರಣ. ಹಳೆಯ ಸಕ್ಕರೆ ಕಾಯಿಲೆಯಿಂದ ನರ ಸೋತು ಮೂತ್ರಕೋಶ ಪೂರ್ತಿ ಖಾಲಿಯಾಗದೆ ತುಂಬಿ ಚೆಲ್ಲುತ್ತಿತ್ತು ಅಂತ ಸ್ಕ್ಯಾನಿಂಗಿನಲ್ಲಿ ಕಂಡಿತು. ನನ್ನ ವ್ಯಾಯಾಮ ಅವರಿಗೆ ನಾಟುವಂಥದ್ದಲ್ಲ. ಚಿಕಿತ್ಸೆಯೇ ಬೇರೆ, ಈಗ ನಡೆಯುತ್ತಿದೆ. ವಯಸ್ಸಾಯಿತು ಅಂತ ಸುಮ್ಮನಿರುವವರು ದಯವಿಟ್ಟು ಮೂತ್ರರೋಗದ ಡಾಕ್ಟರಿಗೆ ತೋರಿಸಿ.

ಕೊನೆಗೆ ನನ್ನ ಹೆಂಡತಿ. ಒಂದು ಮಾತೂ ಆಡದೆ ಹಾಸಿಗೆಗೆ ರಬ್ಬರ್ ಶೀಟು ಹಾಸಿದವಳು. ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ದಿನಕ್ಕೆಷ್ಟು ಪ್ಯಾಡ್ ಅಂತ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದಳು: 6, 6, 5, ಮತ್ತೆ 6. ಬರಬರುತ್ತಾ 2, 1. ಹೋದ ತಿಂಗಳ ಹಾಳೆಯಲ್ಲಿ ಬರೀ ಹಾಲಿನ ಲೆಕ್ಕವಿದೆ.