ಜೆಲ್ ಹಚ್ಚಿದರೆ ‘ಹ್ಯಾಂಡ್ ಪೇಂಟೆಡ್’ ಆಗದು

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಮನೆಯ ಗೋಡೆಗಳ ಅಲಂಕಾರ ಕುರಿತು ಪ್ರಕಟವಾದ ಬರಹದಲ್ಲಿ, ಡಚ್ ಕಲಾವಿದ ವ್ಯಾನ್ ಗೋನ ‘ಸೂರ್ಯಕಾಂತಿ’ ಚಿತ್ರದ ‘ಹ್ಯಾಂಡ್ ಪೇಂಟೆಡ್’ (ಕೈಯಿಂದ ಬರೆದ) ಪ್ರತಿಗಳು ಈಗ ಕೈಗೆಟಕುವ ಬೆಲೆಗೆ ಸಿಗುತ್ತವೆ ಎಂದೂ, ಮೂಲಚಿತ್ರ ಇರುವುದು ಒಂದೇ ಆದ್ದರಿಂದ ಉಳಿದವೆಲ್ಲ ‘ನಕಲಿ ಮಾಲು’ ಎಂದೂ ಹೇಳಲಾಗಿದೆ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದ ನನಗೆ ಈ ಎರಡು ಮಾತುಗಳ ಬಗ್ಗೆಯೂ ತಕರಾರಿದೆ.

ಮೊದಲು ಎರಡನೆಯದನ್ನೇ ತೆಗೆದುಕೊಳ್ಳುತ್ತೇನೆ. 1888ರ ಆಗಸ್ಟ್‌ನಲ್ಲಿ, ಫ್ರಾನ್ಸಿನ ದಕ್ಷಿಣದ ಆರ್ಲ್ ಪಟ್ಟಣದಲ್ಲಿದ್ದ ವ್ಯಾನ್ ಗೋ, ತನ್ನ ಮನೆಗೆ ಬರಲಿದ್ದ ಕಲಾವಿದ ಗೊಗ್ಯಾಂಗಾಗಿ ಕೋಣೆ ಸಿಂಗರಿಸಬೇಕೆಂದು ಸೂರ್ಯಕಾಂತಿ ಹೂಗಳನ್ನು ಸಾಲಾಗಿ ನಾಲ್ಕು ಕ್ಯಾನ್ವಾಸುಗಳ ಮೇಲೆ ಬರೆದ. ಹಳದಿ ಹಿನ್ನೆಲೆಯ ಮೇಲೆ ಹದಿನೈದು ಹಳದಿ ಹೂಗಳಿರುವ, ಲಂಡನ್ನಿನ ನ್ಯಾಷನಲ್ ಗ್ಯಾಲರಿ 1924ರಲ್ಲಿ ಕೊಂಡ ಚಿತ್ರ ಅವುಗಳಲ್ಲೊಂದು. ಅದನ್ನು ನೋಡಿ ಅವನೇ ಮತ್ತೆರಡು ಪ್ರತಿ ತೆಗೆದಿದ್ದಾನೆ; ಒಂದು ಟೋಕಿಯೋದಲ್ಲಿದೆ, ಇನ್ನೊಂದು ಆಮ್‌ಸ್ಟರ್‌ಡ್ಯಾಮಿನಲ್ಲಿ. ಆಮ್‌ಸ್ಟರ್‌ಡ್ಯಾಮಿನ ಪ್ರತಿ 1889ರ ಜನವರಿಯದು. ಆ ಚಳಿಯಲ್ಲಿ ಸೂರ್ಯಕಾಂತಿ ಎಲ್ಲಿ ಅರಳಬೇಕು? ಎದುರಿಗೆ ಹೂವಿರಲಿಲ್ಲ, ತನ್ನದೇ ಹಳೆಯ ಚಿತ್ರವಿತ್ತು. ಮೇಲ್ಗಡೆ ಜಾಗ ಸಾಲದೆ ಕ್ಯಾನ್ವಾಸಿನ ತುದಿಗೆ ಮರದ ಪಟ್ಟಿಯೊಂದನ್ನು ಸೇರಿಸಿ ಕೆಲಸ ಮುಗಿಸಿದ್ದಾನೆ. ಟೋಕಿಯೋದ ಪ್ರತಿಯನ್ನು 1987ರಲ್ಲಿ ಜಪಾನಿನ ವಿಮಾ ಕಂಪನಿಯೊಂದು ಸುಮಾರು ಎರಡೂವರೆ ಕೋಟಿ ಪೌಂಡಿಗೆ ಹರಾಜಿನಲ್ಲಿ ಕೊಂಡಾಗ ಅದನ್ನು ಯಾರೂ ‘ಮಾಲು’ ಎನ್ನಲಿಲ್ಲ.

ಸ್ವಂತದ್ದನ್ನು ಪ್ರತಿ ಮಾಡುವುದು ಬೇರೆ, ಇನ್ನೊಬ್ಬರದನ್ನು ಮಾಡುವುದು ಬೇರೆ ಎಂದು ಯಾರಾದರೂ ಹೇಳಬಹುದು. ಇದೇ ವ್ಯಾನ್ ಗೋ 1889ರಲ್ಲಿ ಸೇಂಟ್ ರೆಮಿಯ ಆಸ್ಪತ್ರೆಯಲ್ಲಿದ್ದಾಗ, ಫ್ರೆಂಚ್ ಕಲಾವಿದ ಮಿಲೆಯ ರೈತಚಿತ್ರಗಳ ಕಪ್ಪುಬಿಳುಪು ಮುದ್ರಣಗಳನ್ನು ಮುಂದಿಟ್ಟುಕೊಂಡು ಬಣ್ಣದಲ್ಲಿ ಬರೆದ. ಸಂಗೀತಗಾರ ಬೇರೊಬ್ಬರ ರಚನೆಯನ್ನು ನುಡಿಸುವುದಕ್ಕೆ ಆ ಕೆಲಸವನ್ನು ಹೋಲಿಸಿದ. ತ್ಯಾಗರಾಜರ ಕೃತಿ ಹಾಡುವವರನ್ನು ನಾವು ನಕಲಿ ಎನ್ನುವುದಿಲ್ಲವಷ್ಟೆ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯವು ಇಂದಿಗೂ ಅನುಮತಿ ಪಡೆದವರಿಗೆ ಮೂಲಚಿತ್ರದ ಮುಂದೆಯೇ ನಿಂತು ಪ್ರತಿ ತೆಗೆಯಲು ಬಿಡುತ್ತದೆ. ಪ್ರತಿಯ ಅಳತೆ ಮೂಲದಷ್ಟೇ ಇರಕೂಡದು, ಕಲಾವಿದನ ಸಹಿಯನ್ನು ಬರೆಯಕೂಡದು ಎಂಬ ನಿಯಮಗಳಿವೆ. ಪ್ರತಿಗೂ ಮೋಸಕ್ಕೂ ನಡುವಿನ ಗೆರೆಯನ್ನು ಇದಕ್ಕಿಂತ ಸರಳವಾಗಿ ಎಳೆಯುವುದು ಕಷ್ಟ.

ಇನ್ನು ‘ಹ್ಯಾಂಡ್ ಪೇಂಟೆಡ್’ ಎಂಬ ಮಾತು. ನನ್ನ ತಂಗಿಯ ಮಗಳು ಗೃಹಪ್ರವೇಶಕ್ಕೆಂದು ಆನ್‌ಲೈನ್ ಮಳಿಗೆಯೊಂದರಿಂದ ಎಂಟೂವರೆ ಸಾವಿರ ರೂಪಾಯಿ ಕೊಟ್ಟು ಇದೇ ಚಿತ್ರವನ್ನು ತರಿಸಿದ್ದಳು. ಬಿಚ್ಚಿದಾಗ ಎಣ್ಣೆಬಣ್ಣದ ವಾಸನೆ ಬರಲಿಲ್ಲ, ಪ್ಲಾಸ್ಟಿಕ್ಕಿನ ವಾಸನೆ ಬಂತು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಕುಂಚದ ಏರುತಗ್ಗುಗಳೇನೋ ಕಾಣುತ್ತಿದ್ದವು, ಆದರೆ ಅವು ಎಸಳುಗಳ ಜೊತೆ ಬಾಗುತ್ತಿರಲಿಲ್ಲ. ಹೂವು, ಹೂದಾನಿ, ಗೋಡೆ ಯಾವುದನ್ನೂ ಲೆಕ್ಕಿಸದೆ ಒಂದೇ ದಿಕ್ಕಿಗೆ ಹರಿದಿದ್ದವು. ಭೂತಗನ್ನಡಿಯಲ್ಲಿ ನೋಡಿದಾಗ ಆ ಪಾರದರ್ಶಕ ಪದರದ ಕೆಳಗೆ ಪ್ರಿಂಟರಿನ ಚುಕ್ಕೆಗಳು ಸ್ಪಷ್ಟವಾಗಿದ್ದವು. ಕ್ಯಾನ್ವಾಸಿನ ಮೇಲೆ ಮುದ್ರಿಸಿದ ಫೋಟೋಕ್ಕೆ ಅಂಟಿನಂಥ ಪಾರದರ್ಶಕ ಜೆಲ್ ಬಳಿದಿದ್ದರು, ಅಷ್ಟೆ. ವಿಚಾರಿಸಿದ್ದಕ್ಕೆ ಮಾರಾಟಗಾರರು ಕೊಟ್ಟ ಉತ್ತರವನ್ನು ನಾನು ಮರೆಯಲಾರೆ: ಜೆಲ್ಲನ್ನು ಕೈಯಿಂದಲೇ ಹಚ್ಚಿದ್ದಾರಂತೆ!

ನಿಜವಾಗಿ ಕೈಯಿಂದ ಬರೆಯುವವರಿಗೆ ಇದರಿಂದ ಆಗುವ ಅನ್ಯಾಯವೇ ದೊಡ್ಡದು. ಚೀನಾದ ಶೆನ್‌ಜೆನ್ ನಗರದ ದಾಫೆನ್‌ನಲ್ಲಿ 1989ರಿಂದೀಚೆಗೆ ಬೆಳೆದ ಪ್ರತಿ ಬರೆಯುವವರ ಬಡಾವಣೆಯಲ್ಲಿ ಸಾವಿರಾರು ಮಂದಿ ಈ ಕೆಲಸದಿಂದಲೇ ಜೀವನ ಸಾಗಿಸಿದ್ದಾರೆ. ನಮ್ಮಲ್ಲೂ ಬಿಡುವಿನಲ್ಲಿ ಇಂಥ ಪ್ರತಿ ಬರೆದುಕೊಡುವ ಕಲಾವಿದರಿದ್ದಾರೆ. ಸುಮಾರು 92 ಸೆಂ.ಮೀ. ಎತ್ತರ, 73 ಸೆಂ.ಮೀ. ಅಗಲದ ಈ ಚಿತ್ರವನ್ನು ದಪ್ಪ ಎಣ್ಣೆಬಣ್ಣದಲ್ಲಿ ಬರೆದರೆ ಚೆನ್ನಾಗಿ ಒಣಗುವುದಕ್ಕೇ ವಾರಗಟ್ಟಲೆ ಬೇಕು. ಹಳದಿಯ ಮೇಲೆ ಹಳದಿ ಇಟ್ಟು ಎರಡನ್ನೂ ಬೇರೆಯಾಗಿ ಕಾಣಿಸುವುದು ಎಷ್ಟು ಕಷ್ಟವೆಂದು ಒಮ್ಮೆ ಪ್ರಯತ್ನಿಸಿದವರಿಗೆ ಗೊತ್ತು. ಅದರಲ್ಲೂ ಯಾವ ಹಳದಿ ಎಂಬುದೇ ಒಂದು ಪ್ರಶ್ನೆ. ವ್ಯಾನ್ ಗೋ ಬಳಸಿದ್ದು ಸೀಸದ ಅಂಶವಿರುವ ಕ್ರೋಮ್ ಯೆಲ್ಲೋ. ಅದರ ಕೆಲವು ಬಗೆಗಳು ಬೆಳಕಿಗೆ ಕಂದುತ್ತವೆ ಎಂಬುದನ್ನು ಎಕ್ಸ್-ರೇ ಪರೀಕ್ಷೆಗಳು ತೋರಿಸಿವೆ. ಹಾಗಾಗಿ ಪ್ರತಿ ಬರೆಯುವವನು ಇಂದು ಗೋಡೆಯ ಮೇಲಿರುವ ಮಂಕು ಹಳದಿಯನ್ನು ಬರೆಯಬೇಕೋ, 1888ರಲ್ಲಿ ಕುಂಚದ ತುದಿಯಲ್ಲಿದ್ದ ಹಳದಿಯನ್ನೋ ಎಂದು ತಾನೇ ತೀರ್ಮಾನಿಸಬೇಕಾಗುತ್ತದೆ. ಪ್ರಿಂಟರಿಗೆ ಆ ಚಿಂತೆಯಿಲ್ಲ.

1890ರಲ್ಲೇ ತೀರಿಕೊಂಡ ಕಲಾವಿದನ ಚಿತ್ರಕ್ಕೆ ಈಗ ಹಕ್ಕುಸ್ವಾಮ್ಯದ ತೊಡಕಿಲ್ಲ. ಯಾರು ಬೇಕಾದರೂ ಪ್ರತಿ ಬರೆಯಬಹುದು, ಮುದ್ರಿಸಿಯೂ ಮಾರಬಹುದು. ಮುದ್ರಿಸಿದ್ದನ್ನು ಮುದ್ರಿತವೆಂದೂ, ಜೆಲ್ ಬಳಿದದ್ದನ್ನು ಜೆಲ್ ಬಳಿದದ್ದೆಂದೂ, ಪೂರ್ತಿ ಕೈಯಿಂದ ಬರೆದದ್ದಾದರೆ ಕ್ಯಾನ್ವಾಸಿನ ಹಿಂಬದಿಯಲ್ಲಿ ಬರೆದವರ ಹೆಸರು ಮತ್ತು ಇಸವಿಯನ್ನೂ ನಮೂದಿಸಬೇಕೆಂಬುದಷ್ಟೇ ನನ್ನ ಕೋರಿಕೆ. ದಾರಿ ತಪ್ಪಿಸುವ ಜಾಹೀರಾತಿನ ವಿರುದ್ಧ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ನೀಡಬಹುದು; ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಪತ್ರಿಕೆಯೂ ಇಂಥ ಬರಹಗಳ ಜೊತೆ ಈ ವಿವರವನ್ನು ಕೊಟ್ಟರೆ ಓದುಗರಿಗೆ ಉಪಕಾರವಾದೀತು.

ಅಂದ ಹಾಗೆ, ಪುರವಣಿಯಲ್ಲಿ ‘ಲಂಡನ್ನಿನಲ್ಲಿರುವ ಮೂಲಚಿತ್ರ’ ಎಂಬ ಅಡಿಬರಹದೊಂದಿಗೆ ಅಚ್ಚಾಗಿರುವುದು ಹಸಿರುನೀಲಿ ಹಿನ್ನೆಲೆಯ ಚಿತ್ರ. ಲಂಡನ್ನಿನದರ ಹಿನ್ನೆಲೆ ಹಳದಿ. ಹಸಿರುನೀಲಿಯವು ಇರುವುದು ಮ್ಯೂನಿಕ್ ಮತ್ತು ಫಿಲಡೆಲ್ಫಿಯಾಗಳಲ್ಲಿ. ದಯವಿಟ್ಟು ತಿದ್ದುಪಡಿ ಪ್ರಕಟಿಸಿ.

– ನಿವೃತ್ತ ಚಿತ್ರಕಲಾ ಶಿಕ್ಷಕ, ಮೈಸೂರು