ಜರ್ಮನಿಯ ಡಾರ್ಮ್‌ಸ್ಟಾಟ್‌ನಿಂದ ಪುಟ್ಟಿಗೆ

ಚಿ. ಪುಟ್ಟಿಗೆ ಅಣ್ಣನ ಆಶೀರ್ವಾದಗಳು. ಇಲ್ಲಿ ಎಲ್ಲ ಕ್ಷೇಮ. ಅಪ್ಪನ ಕಾಗದ ಬಂತು. ಕೆಮಿಸ್ಟ್ರಿ ತಲೆಗೆ ಹತ್ತುತ್ತಿಲ್ಲ, ಸೈನ್ಸ್ ಬಿಟ್ಟು ಕಾಮರ್ಸ್‌ಗೆ ಹೋಗ್ತೀನಿ ಅಂತ ಹಟ ಹಿಡಿದಿದ್ದೀಯಂತೆ. ಅಪ್ಪನಿಗೆ ಕಟ್ಟಿದ ಫೀಸಿನ ಚಿಂತೆ, ಅಮ್ಮನಿಗೆ ನೀನು ಸರಿಯಾಗಿ ಉಣ್ಣುತ್ತಿಲ್ಲ ಅಂತ ಚಿಂತೆ. ಪುಟ್ಟಿ, ನೀನು ದಡ್ಡಿ ಅಲ್ಲವೇ ಅಲ್ಲ. ಎಲೆಕ್ಟ್ರಾನ್ ವಿನ್ಯಾಸಗಳನ್ನು, ಅಂದರೆ ಪರಮಾಣುವಿನ ಎಲೆಕ್ಟ್ರಾನ್‌ಗಳು ಎಲ್ಲೆಲ್ಲಿವೆ ಅನ್ನುವ ಪಟ್ಟಿಗಳನ್ನು, ಒಂದೊಂದಾಗಿ ಬಾಯಿಪಾಠ ಮಾಡಲು ಹೊರಟಿದ್ದೇ ತೊಂದರೆ. ಅದನ್ನು ಬಿಟ್ಟು ಪೀರಿಯಾಡಿಕ್ ಟೇಬಲ್ ಎದುರಿಗಿಟ್ಟುಕೋ.

ಮೊದಲು ಅಗಲ ಎಣಿಸು. ಎಡಕ್ಕೆ 2 ಕಂಬಸಾಲು, ಬಲಕ್ಕೆ 6, ನಡುವೆ 10, ಕೆಳಗೆ ಬೇರೆಯಾಗಿ ಇಟ್ಟಿರುವುದು 14. ಇವೇ ಎಸ್, ಪಿ, ಡಿ, ಎಫ್ ಭಾಗಗಳು. ಒಂದು ಆರ್ಬಿಟಲ್‌ಗೆ (ಎಲೆಕ್ಟ್ರಾನ್ ಇರುವ ಜಾಗ) ಎರಡೇ ಎಲೆಕ್ಟ್ರಾನ್, ಹಾಗಾಗಿ ಆರ್ಬಿಟಲ್‌ಗಳು 1, 3, 5, 7. ಹೀಲಿಯಂ ಒಂದು ಮಾತ್ರ ಎಸ್ ಆಗಿದ್ದೂ ಬಲತುದಿಯಲ್ಲಿ ಕೂತಿದೆ.

ಈಗ ರಂಜಕ, ಪರಮಾಣು ಸಂಖ್ಯೆ (ಎಲೆಕ್ಟ್ರಾನ್‌ಗಳ ಎಣಿಕೆ) 15. ಬರೆಯುವಾಗ ಮೊದಲ ಅಂಕಿ ಶೆಲ್, ಅಂದರೆ ಎಲೆಕ್ಟ್ರಾನ್‌ಗಳ ಪದರ; ಅಕ್ಷರ ಭಾಗ; ಕೊನೆಯದು ಅಲ್ಲಿರುವ ಎಲೆಕ್ಟ್ರಾನ್‌ಗಳು. ಹೈಡ್ರೋಜನ್ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಬಾ: 1ಎಸ್ 2, 2ಎಸ್ 2, 2ಪಿ 6, 3ಎಸ್ 2, 3ಪಿ 3. ಕೂಡಿದರೆ 15 ಬರಲೇಬೇಕು. ಮೂರನೇ ಸಾಲು, ಆದ್ದರಿಂದ ಮೂರು ಶೆಲ್. ಗ್ರೂಪ್ (ಕಂಬಸಾಲು) 15, ನಡುವಿನ ಹತ್ತು ಕಳೆದರೆ ಹೊರಗಿನ ಶೆಲ್‌ನಲ್ಲಿ 5.

ಎಡವುವುದು ನಾಲ್ಕನೇ ಸಾಲಿನಲ್ಲಿ. 19 ಪೊಟ್ಯಾಸಿಯಂ ಎಡ ಅಂಚಿನಲ್ಲಿದೆ, ಅಂದಮೇಲೆ 4ಎಸ್. 3ಡಿ ಶುರುವಾಗುವುದು 21 ಸ್ಕ್ಯಾಂಡಿಯಂನಿಂದ. ಡಿ ಭಾಗದ ಸಂಖ್ಯೆ ಸಾಲಿಗಿಂತ ಒಂದು ಕಡಿಮೆ, ಎಫ್‌ದು ಎರಡು ಕಡಿಮೆ. ಕಬ್ಬಿಣ 26ಕ್ಕೆ 4ಎಸ್ 2, 3ಡಿ 6. ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡು ಅಯಾನ್ (ವಿದ್ಯುದಾವೇಶವಿರುವ ಪರಮಾಣು) ಆಗುವಾಗ ಹೋಗುವುದು 4ಎಸ್‌ನವು. 3ಡಿಯ ಆರೂ ಉಳಿಯುತ್ತವೆ. ಕೊನೆಗೆ ತುಂಬಿದ್ದು ಮೊದಲು ಹೋಗುತ್ತೆ ಅಂದುಕೊಂಡು ಎಲ್ಲರೂ ಮಾರ್ಕ್ಸ್ ಕಳೆದುಕೊಳ್ಳುವುದು ಇಲ್ಲೇ. ಈ ಸಾಲಿನಲ್ಲಿ ಬಾಯಿಪಾಠ ಬೇಕಾದ್ದು ಎರಡಕ್ಕೆ: ಕ್ರೋಮಿಯಂ 3ಡಿ 5, 4ಎಸ್ 1, ತಾಮ್ರ 3ಡಿ 10, 4ಎಸ್ 1.

ಶೆಲ್ ಇದೆ ಅಂತ ನಂಬುವುದು ಹೇಗೆ ಅಂತ ಕೇಳ್ತೀಯ, ಒಳ್ಳೆಯ ಪ್ರಶ್ನೆ. ಸೋಡಿಯಂನಿಂದ ಮೊದಲ ಎಲೆಕ್ಟ್ರಾನ್ ಕೀಳಲು ಮೋಲ್‌ಗೆ (ಪರಮಾಣುಗಳ ಒಂದು ನಿಗದಿತ ಎಣಿಕೆ) 496 ಕಿಲೋಜೌಲ್ ಶಕ್ತಿ ಸಾಕು, ಎರಡನೆಯದಕ್ಕೆ 4562 ಬೇಕು. ಮೆಗ್ನೀಸಿಯಂಗೆ 738, 1451, ಆಮೇಲೆ ಒಮ್ಮೆಗೇ 7733. ಅಂಕಿ ಎಲ್ಲಿ ಹಾರುತ್ತೋ ಅಲ್ಲಿ ಹೊರಗಿನ ಶೆಲ್ ಮುಗಿದು ಒಳಗಿನದಕ್ಕೆ ಕೈ ಹಾಕಿದ್ದೇವೆ. ಒಂದನೇ ಗ್ರೂಪ್‌ನದು ಹಾರುವುದು ಒಂದರ ನಂತರ, ಎರಡನೇ ಗ್ರೂಪ್‌ನದು ಎರಡರ ನಂತರ.

ನಾನಿರುವ ಈ ಊರಿನ ಹೆಸರೂ ಟೇಬಲ್‌ನಲ್ಲಿದೆ, ನೋಡು: 110, ಡಾರ್ಮ್‌ಸ್ಟಾಟಿಯಂ. 1994ರಲ್ಲಿ ಇಲ್ಲಿನ ಜಿಎಸ್‌ಐ ಸಂಶೋಧನಾ ಸಂಸ್ಥೆಯಲ್ಲಿ ಸೀಸಕ್ಕೆ ನಿಕ್ಕಲ್ ಡಿಕ್ಕಿ ಹೊಡೆಸಿ ಮಾಡಿದ್ದು; ಸೀಸದ 82ಕ್ಕೆ ನಿಕ್ಕಲ್‌ನ 28 ಕೂಡಿಸು. ಊರಿನ ದೊಡ್ಡ ಸಭಾಭವನಕ್ಕೂ ಇದೇ ಹೆಸರಿಟ್ಟಿದ್ದಾರೆ!

ಅಪ್ಪನಿಗೆ ಹೇಳು, ಏನೂ ಚಿಂತೆ ಬೇಡ, ಟ್ಯೂಷನ್ ದುಡ್ಡು ನಾನು ಕಳಿಸ್ತೀನಿ. ಖಂಡಿತ ಪಾಸಾಗ್ತೀಯ, ಒಳ್ಳೆಯ ಮಾರ್ಕ್ಸೇ ಬರುತ್ತೆ. ಅಮ್ಮನಿಗೆ, ಅಜ್ಜಿಗೆ ನಮಸ್ಕಾರ. ಸತು 30, ಸೆಲೀನಿಯಂ 34, ಇವೆರಡರ ವಿನ್ಯಾಸ ಬರೆದು ಕಳಿಸು. ಅಂಚೆಗೆ ಹೊತ್ತಾಯ್ತು.

ಇತಿ,
ಅಣ್ಣ