ಈ ವಾರದ ಹೆಸರು: ಮಾಂಟ್‌ಗೊಮರಿ

ಎಲ್ಲರಿಗೂ ನಮಸ್ಕಾರ. ಈ ವಾರ ಮಾಂಟ್‌ಗೊಮರಿ ಮನೆತನದ ಸರದಿ. ಕೇಳಿದರೆ ಅಪ್ಪಟ ಇಂಗ್ಲಿಷ್ ಹೆಸರು ಅನ್ನಿಸುತ್ತೆ ಅಲ್ವಾ? ಮೂಲ ಫ್ರಾನ್ಸಿನ ನಾರ್ಮಂಡಿ, ಅಲ್ಲಿನ ಊರಿನ ಹೆಸರೇ ಮನೆತನಕ್ಕೆ ಬಂತು. 1066ರಲ್ಲಿ ನಾರ್ಮಂಡಿಯ ದೊರೆ ವಿಲಿಯಂ ಇಂಗ್ಲೆಂಡ್ ಗೆದ್ದ ಮೇಲೆ ಅವನ ಆಪ್ತ, ಈ ಮನೆತನದ ರೋಜರ್‌ಗೆ ಅಲ್ಲಿನ ಶ್ರೂಸ್‌ಬರಿ ಸೀಮೆ ಸಿಕ್ಕಿತು, ಅವನು ವೇಲ್ಸ್ ಗಡಿಯಲ್ಲಿ ಕೋಟೆ ಕಟ್ಟಿಸಿ ಅದಕ್ಕೂ ಊರಿನ ಹೆಸರನ್ನೇ ಇಟ್ಟ. 12ನೇ ಶತಮಾನದಲ್ಲಿ ಹೆಸರು ಸ್ಕಾಟ್ಲೆಂಡಿಗೂ ಹೋಯಿತು.

ನನಗೆ ಜಾಸ್ತಿ ಮಜಾ ಅನ್ನಿಸಿದ್ದು 1944ರ ಕಥೆ. ಬ್ರಿಟಿಷ್ ಸೇನಾನಿ ಬರ್ನಾರ್ಡ್ ಮಾಂಟ್‌ಗೊಮರಿ ಅದೇ ನಾರ್ಮಂಡಿಯಲ್ಲಿ ಸೈನ್ಯ ಇಳಿಸಿದ, ಅವನ ಹಳೆಯ ಎದುರಾಳಿ, ಜರ್ಮನ್ ಸೇನಾನಿ ರೊಮೆಲ್‌ನ ಕಾರಿನ ಮೇಲೆ ಜುಲೈ 17ರಂದು ವಿಮಾನ ಗುಂಡು ಹಾರಿಸಿತು, ರೊಮೆಲ್ ಗಾಯಗೊಂಡು ಬಿದ್ದ ಜಾಗ ಸೇಂಟ್ ಫ್ವಾ ಡಿ ಮಾಂಟ್‌ಗೊಮರಿ ಅನ್ನೋ ಹಳ್ಳಿಯ ಹತ್ತಿರ! ಕಾದಂಬರಿಯಲ್ಲಿ ಬರೆದರೆ ಯಾರೂ ನಂಬಲ್ಲ.

ನಮ್ಮ ಕಡೆಗೂ ಒಂದು ಎಳೆ ಇದೆ. ಸಾಹಿವಾಲ್ ಹಸು ಗೊತ್ತಲ್ಲ, ಆ ತಳಿಯ ಊರು ಈಗ ಪಾಕಿಸ್ತಾನದಲ್ಲಿದೆ. 1865ರಲ್ಲಿ ಪಂಜಾಬಿನ ಆಡಳಿತಗಾರ ರಾಬರ್ಟ್ ಮಾಂಟ್‌ಗೊಮರಿಯ ಹೆಸರನ್ನು ಅದಕ್ಕೆ ಇಟ್ಟಿದ್ದರು. 1960ರ ದಶಕದಲ್ಲಿ ಮತ್ತೆ ಸಾಹಿವಾಲ್ ಆಯಿತು.

ಒಂದು ವಿನಂತಿ. ಈ ಹೆಸರಿನವರೆಲ್ಲ ರೋಜರ್ ವಂಶದವರು ಅಂತ ಸುಮ್ನೆ ಬರೆಯಬೇಡಿ. ಮನೆತನದ ಲಾಂಛನ ಅಂತ ಸಿಗುವ ಚಿತ್ರಗಳನ್ನೂ ಫಾರ್ವರ್ಡ್ ಮಾಡಬೇಡಿ, ಇಂಗ್ಲೆಂಡಿನಲ್ಲಿ ಲಾಂಛನ ಕೊಡುವುದು ವ್ಯಕ್ತಿಗೆ ಮತ್ತು ಅವರ ವಂಶಕ್ಕೆ, ಹೆಸರಿಗಲ್ಲ. ಮುಂದಿನ ವಾರ ಬ್ರೂಸ್, ಗೊತ್ತಿದ್ದವರು ಭಾನುವಾರದೊಳಗೆ ಹಾಕಿ.